ಛತ್ರಿ ತರಲು ಹೋದವಳು

“ನಿನ್ನ ಛತ್ರಿ ನಾನೇ ತಂದುಕೊಡ್ತೀನಿ ಪುಟ್ಟಿ! ಬಾಗಿಲು ತೆಗೆದ ದಿನ ಮೊದಲು ಬರೋಳು ನಾನೇ. ಅಲ್ಲಿವರೆಗೂ ನೀನು ಕೆಳಗೆ ಇಳೀಬೇಡ. ಗೊತ್ತಾಯ್ತಾ?”

ಎದುರು ಕಟ್ಟಡದ ಕಿಟಕಿಯಿಂದ ಅಕ್ಕ ಹೀಗೆ ಕೂಗಿ ಹೇಳಿದಾಗ ತಂಗಿಗೆ ಆಗಷ್ಟೇ ಶಾಲೆ ಮುಗಿದಿತ್ತು. ಈಗ ಆ ತಂಗಿಯ ಮಗಳಿಗೇ ಶಾಲೆ ಮುಗಿದು, ಮೇಲಿನ ಮಹಡಿಯಲ್ಲಿ ಕೆಲಸ ಸಿಕ್ಕಿದೆ.

ಅಂದು ನಡೆದದ್ದು ಇಷ್ಟು. ತಂಗಿ ತನ್ನ ಹೊಸ ಹಳದಿ ಛತ್ರಿಯನ್ನು ಮನೆಯಲ್ಲಿ ಯಾರಿಗೂ ಹೇಳದೆ ಎದುರು ಕಟ್ಟಡದ ಗೆಳತಿಗೆ ಕೊಟ್ಟುಬಿಟ್ಟಿದ್ದಳು. ಅಕ್ಕನಿಗೆ ಗೊತ್ತಾಯಿತು. ಬೈದಳು. ಬೈಯುತ್ತ ಬೈಯುತ್ತಲೇ ಚಪ್ಪಲಿ ಮೆಟ್ಟಿಕೊಂಡಳು. “ದೊಡ್ಡ ದಾನಿ ಇವಳು! ಇರು, ಹೀಗೆ ಹೋಗಿ ಹಾಗೆ ಬಂದೆ” ಎಂದು ರಸ್ತೆ ದಾಟಿ ಎದುರು ಬಾಗಿಲಲ್ಲಿ ಮರೆಯಾದಳು. ಅಷ್ಟರಲ್ಲಿ ಸೈರನ್ ಕೂಗಿತು. ಊರಂಚಿನ ಕುಲುಮೆಗಳ ಕಡೆಯಿಂದ ಎದ್ದ ಮಸಿಯ ಮೋಡ, ಮಲಗಿದವರ ಮೇಲೆ ಕಂಬಳಿ ಎಳೆದ ಹಾಗೆ, ಬೀದಿಯಿಂದ ಬೀದಿಗೆ ಮುಚ್ಚುತ್ತ ಬಂತು. ಅದನ್ನು ಉಸಿರಾಡಿದವರು ನಿಂತಲ್ಲೇ ಕುಸಿದರು. ಕಬ್ಬಿಣದ ಬಾಗಿಲುಗಳು ದಡದಡನೆ ಇಳಿದವು. ಯಾರು ಯಾವ ಕಟ್ಟಡದೊಳಗಿದ್ದರೋ ಅದೇ ಅವರ ಮನೆಯಾಯಿತು. ಸಂಜೆಯೊಳಗೆ ಎಲ್ಲ ಕಿಟಕಿಗಳಿಗೂ ಸೀಸದ ಬಣ್ಣದ ದಪ್ಪ ಲೇಪ ಮೆತ್ತಬೇಕೆಂದು ಆಜ್ಞೆಯಾಯಿತು. ಮೆತ್ತುವ ಮುಂಚೆ ಎದುರಿನ ಒಂದು ಕಿಟಕಿ ಗೇಣಷ್ಟು ತೆರೆಯಿತು. ಒದ್ದೆ ಬಟ್ಟೆ ಕಟ್ಟಿಕೊಂಡ ಮುಖವೊಂದು ಆ ಮಾತನ್ನು ಕೂಗಿ ಹೇಳಿತು. “ಇಳಿಯಲ್ಲ ಅಕ್ಕಾ” ಎಂದು ತಂಗಿಯೂ ಕೂಗಿದಳು. ಕಿಟಕಿ ಮುಚ್ಚಿತು.

ಅಕ್ಕನದು ಕೂಗಿ ಹೇಳುವ ಸ್ವಭಾವವಲ್ಲ. ಹೇಳುವುದೇನಿದ್ದರೂ ಎದ್ದು ಬಂದು, ಎದುರು ನಿಂತು, ಸೊಂಟದ ಮೇಲೆ ಕೈಯಿಟ್ಟುಕೊಂಡು ಹೇಳಬೇಕು. ಕೈಯಲ್ಲಿ ಫೋನಿದ್ದರೂ ಅದನ್ನು ಮುಟ್ಟದೆ ಓಣಿಯ ಕೊನೆಯ ಮನೆಗೆ ನಡೆದೇ ಹೋಗಿ ಸುದ್ದಿ ಮುಟ್ಟಿಸಿ ಬರುತ್ತಿದ್ದಳು. “ನಾಲ್ಕು ಹೆಜ್ಜೆ ಹಾಕಿದ್ರೆ ಕಾಲು ಸವೆದು ಹೋಗುತ್ತಾ?” ಎನ್ನುತ್ತಿದ್ದಳು. ಅಂಥವಳು ಆ ದಿನ ಗಂಟಲು ಹರಿಯುವ ಹಾಗೆ ಕೂಗಿದ್ದಳು ಎಂಬುದೇ ತಂಗಿಯ ಎದೆಯಲ್ಲಿ ಉಳಿದುಹೋಗಿತ್ತು.

ಆಮೇಲೆ ಫೋನುಗಳೂ ಕೆಟ್ಟು ನಿಂತವು, ಬೀದಿಗೆ ಇಳಿಯುವುದು ರೋಬೋಗಳ ಪಾಲಿಗೆ ಮಾತ್ರ ಉಳಿಯಿತು. ಊರಾಚೆಯ ಗೋದಾಮಿನಿಂದ ಕಾಳು, ಔಷಧಿ, ಬಲ್ಬು ಹೊತ್ತು ತರುವವು ಅವೇ. ಕಟ್ಟಡದಿಂದ ಕಟ್ಟಡಕ್ಕೆ ಮಾತು ಹೊತ್ತು ತರುವವೂ ಅವೇ. ಕೆಳಗಿನ ಕೌಂಟರಿನಲ್ಲಿ ಅದರ ಎದೆಯ ಜಾಲರಿಗೆ ಬಾಯಿಟ್ಟು ಹೇಳಿದರೆ, ಹೇಳಿದವರ ಧ್ವನಿಯಲ್ಲೇ ಆಚೆಯ ಕೌಂಟರಿನಲ್ಲಿ ಒಪ್ಪಿಸಿ, ಅಲ್ಲಿನ ಉತ್ತರ ಹೊತ್ತು ಬರುತ್ತದೆ. ಕೌಂಟರು ಬಿಟ್ಟು ಬೇರೆಲ್ಲೂ ಅದು ಮಾತು ತೆಗೆದುಕೊಳ್ಳುವ ಹಾಗಿಲ್ಲ. ಮೊದಮೊದಲು ಜನ ಮೆಟ್ಟಿಲ ಮೂಲೆಯಲ್ಲಿ ಅದನ್ನು ತಡೆದು ನಿಲ್ಲಿಸಿ, ಹಳೆಯ ಜಗಳದ ಬೈಗುಳವನ್ನೆಲ್ಲ ತುಂಬಿ ಕಳಿಸಿ ರಾದ್ಧಾಂತ ಮಾಡಿದ್ದರಿಂದ ಬಂದ ಕಟ್ಟಳೆ ಅದು.

ರೋಬೋಗಳು ಓಡಾಡುವುದು ದೊಡ್ಡ ಬಾಗಿಲಿನಿಂದ ಅಲ್ಲ. ಅದು ಅಂದು ಮುಚ್ಚಿದ್ದು ಮತ್ತೆ ತೆರೆದಿರಲಿಲ್ಲ. ಅದರ ಪಕ್ಕದಲ್ಲಿ ನೆಲಮಟ್ಟಕ್ಕೆ ಒಂದು ಕೊಳವೆಯಂಥ ಕಿಂಡಿಯಿದೆ. ಎಲ್ಲರೂ ಅದನ್ನು ಗವಿ ಎನ್ನುತ್ತಾರೆ. ಒಳಗೆ ನಾಲ್ಕೂ ಕಡೆಯಿಂದ ಕುದಿನೀರು ಚಿಮ್ಮುತ್ತದೆ. ರೋಬೋ ಮಂಡಿಯೂರಿ ತೆವಳಿಕೊಂಡು ಬಂದು, ಮಿಂದು, ಈಚೆ ಎದ್ದು ನಿಲ್ಲುತ್ತದೆ. ದಿನವೂ ತೆವಳಿದರೆ ಕಬ್ಬಿಣದ ಮಂಡಿಯಾದರೂ ಎಷ್ಟು ದಿನ ತಾಳೀತು? ಆ ಮಂಡಿಗಳನ್ನು ಬಿಚ್ಚಿ, ತೊಳೆದು, ಬೇರಿಂಗ್ ಬದಲಿಸಿ, ಗ್ರೀಸು ತುಂಬಿ ಕೊಡುವುದೇ ಈ ತಂಗಿಯ ಕೆಲಸ. ಕಟ್ಟಡದವರು ಅವಳನ್ನು ಮಂಡಿ ಡಾಕ್ಟ್ರು ಎಂದೇ ಕರೆಯುತ್ತಾರೆ. “ಡಾಕ್ಟ್ರೇ, ಅದಕ್ಕೆ ಹಾಕಿ ಮಿಕ್ಕಿದ ಗ್ರೀಸು ನನ್ನ ಮಂಡಿಗೂ ಒಂಚೂರು ಸವರ್ತೀರಾ?” ಎಂದು ಎರಡನೇ ಮಹಡಿಯ ಅಜ್ಜಿ ಕೇಳದ ದಿನವಿಲ್ಲ. ಡಾಕ್ಟ್ರು ನಗದ ದಿನವೂ ಇಲ್ಲ. ನಗದಿದ್ದರೆ ಅಜ್ಜಿ ಬೇಜಾರು ಮಾಡಿಕೊಳ್ಳುತ್ತಾಳೆ.

ಗಂಡ ಹೋಗಿ ಬಹಳ ಕಾಲವಾಗಿತ್ತು. ಮಗಳಿಗೆ ಮೇಲಿನ ಮಹಡಿಯಲ್ಲಿ, ದೀಪದ ಬೆಳಕಿನಲ್ಲಿ ಸೊಪ್ಪು ಬೆಳೆಯುವ ಕೆಲಸ. ಅಮ್ಮ ಕೆಳಗೆ, ಮಗಳು ಮೇಲೆ. ನಡುವೆ ಒಂದು ಕೋಣೆ. ಅಲ್ಲಿ ಇಬ್ಬರೂ ಊಟದ ಹೊತ್ತಿಗೆ ಎದುರುಬದುರು ಕೂತು, ದಣಿದ ಕೈಗಳನ್ನು ತಟ್ಟೆಗೆ ಇಳಿಬಿಟ್ಟು, ಕುಂಟ ತಂದ ಮಾತು ಕೇಳುತ್ತಿದ್ದರು.

ಕುಂಟ ಎಂದರೆ ಎದುರು ಕಟ್ಟಡಕ್ಕೆ ಹೋಗಿಬರುವ ರೋಬೋ. ಎಡಗಾಲು ಎಳೆಯುತ್ತಿತ್ತು, ಎಷ್ಟು ರಿಪೇರಿ ಮಾಡಿದರೂ ಸರಿಹೋಗಿರಲಿಲ್ಲ. ವಾರಕ್ಕೊಮ್ಮೆ ಅದು ಕೋಣೆಯ ಬಾಗಿಲಲ್ಲಿ ನಿಂತು ಎದೆಯೊಳಗಿಂದ ಅಕ್ಕನ ಧ್ವನಿ ತೆಗೆಯುತ್ತಿತ್ತು.

“ಪುಟ್ಟೀ, ಚೆನ್ನಾಗಿದ್ದೀನಿ ಕಣೇ. ಒಂದಿಷ್ಟು ನೆಗಡಿ, ಅಷ್ಟೆ. ನೀನು ಹೊಟ್ಟೆ ತುಂಬ ಉಣ್ಣು. ಇಳೀಬೇಡ.”

ಮಗಳು ತಟ್ಟೆಯಿಂದ ತಲೆ ಎತ್ತದೆ ಹೇಳಿದಳು: “ದೊಡ್ಡಮ್ಮಂಗೆ ಆ ನೆಗಡಿ ಹೋಗೋದೇ ಇಲ್ವಾ? ನಾನು ಹುಟ್ಟಿದಾಗಿಂದ ಸೀನ್ತಾನೇ ಇದ್ದಾಳೆ.”

“ದೊಡ್ಡೋರ ಬಗ್ಗೆ ಹಂಗೆಲ್ಲ ಆಡ್ಕೋಬಾರ್ದು.”

“ಆಡ್ಕೊಳ್ಳೋದೇನು ಬಂತು? ಹೋದ ವಾರ ನಾನು ಏನು ಕೇಳಿದ್ದೆ? ಕೊತ್ತಂಬರಿ ಬೇರು ಕೊಳೀತಿದೆ, ಏನು ಮಾಡ್ಲಿ ಅಂತ ಕೇಳಿದ್ದೆ. ಅದಕ್ಕೆ ‘ನೀನು ಹೊಟ್ಟೆ ತುಂಬ ಉಣ್ಣು’ ಅಂತೆ. ಒಳ್ಳೆ ಔಷಧಿ.”

“ಕುಂಟನ ತಲೆ ಹಿಂದುಮುಂದು. ಇವತ್ತಿನ ಪ್ರಶ್ನೆಗೆ ನಾಳೆ ಉತ್ತರ ತರುತ್ತೆ. ವಯಸ್ಸಾದೋರು ಬೇರೆ, ಹೇಳಿದ್ದನ್ನೇ ಹೇಳ್ತಾರೆ.”

ಹಾಗೆಂದು ಅವಳು ನಂಬಿಯೇ ಹೇಳಿದ್ದಳು. ಮುಚ್ಚಿದ ಮನೆಗಳಲ್ಲಿ ಹೊಸ ಸುದ್ದಿ ಎಲ್ಲಿಂದ ಬರಬೇಕು? ಅವಳು ಕಳಿಸುತ್ತಿದ್ದ ಮಾತಾದರೂ ಏನು? ಮಗಳು ಬೆಳೆದಳು, ಬೆನ್ನು ನೋವು, ಬಲ್ಬು ಬದಲಿಸಿದೆ, ನೀನು ಯಾವಾಗ ಬರ್ತೀಯ. ಕೊನೆಯ ಪ್ರಶ್ನೆಯನ್ನು ಪ್ರತಿ ವಾರವೂ ಕೇಳುತ್ತಿದ್ದಳು. ಮಗಳಿಗೆ ದೊಡ್ಡಮ್ಮ ಎಂದರೆ ಜಾಲರಿಯ ಹಿಂದಿನ ಒಂದು ಧ್ವನಿ. ಇವಳಿಗೆ ಮಾತ್ರ ಆ ಧ್ವನಿಗೆ ಮುಖವಿತ್ತು, ಸೊಂಟದ ಮೇಲಿಟ್ಟ ಕೈಯಿತ್ತು. ಇಷ್ಟು ದೊಡ್ಡ ಕಟ್ಟಡದಲ್ಲಿ ಅವಳನ್ನು ಪುಟ್ಟಿ ಎನ್ನುವ ಬಾಯಿ ಅದೊಂದೇ.

ಒಂದು ಬೆಳಿಗ್ಗೆ ಕುಂಟನ ಎಡಮಂಡಿ ಬಿಚ್ಚಿದಳು. ಮಂಡಿಚಿಪ್ಪಿನ ಒಳಗಿನ ಗ್ರೀಸನ್ನು ಚಿಂದಿ ಬಟ್ಟೆಯಿಂದ ಬಳಿದು, ಬಿಳಿ ತಟ್ಟೆಯ ಮೇಲೆ ಕೊಡವುವುದು ಅವಳ ಪದ್ಧತಿ. ಕಬ್ಬಿಣದ ಪುಡಿ ಬಿದ್ದರೆ ಬೇರಿಂಗ್ ಹೋಯಿತೆಂದು ಲೆಕ್ಕ. ಪುಡಿ ಬೀಳಲಿಲ್ಲ. ಕಂದು ಬಣ್ಣದ ಒಂದು ಕಾಳು ಬಿತ್ತು. ಎಳ್ಳಿಗಿಂತ ದೊಡ್ಡದು, ಮೈತುಂಬ ಸಣ್ಣ ಕೊಕ್ಕೆಗಳು. ಎತ್ತಲು ಹೋದರೆ ಬಟ್ಟೆಗೆ ಕಚ್ಚಿಕೊಂಡಿತು.

ಅವಳು ಬಟ್ಟೆಯನ್ನು ಕಣ್ಣಿನ ಹತ್ತಿರ ತಂದಳು.

ಆ ಜಾತಿಯ ಬೀಜ ಅವಳಿಗೆ ಗೊತ್ತಿತ್ತು. ಚಿಕ್ಕವಳಿದ್ದಾಗ ಮನೆ ಹಿಂದಿನ ಖಾಲಿ ಜಾಗದಲ್ಲಿ ಆಡಿ ಬಂದರೆ ಲಂಗದ ಅಂಚಿಗೆಲ್ಲ ಅಂಟಿಕೊಂಡಿರುತ್ತಿತ್ತು. ಅಕ್ಕ ಗೊಣಗುತ್ತ ಒಂದೊಂದಾಗಿ ಕೀಳುತ್ತಿದ್ದಳು. ತಟ್ಟೆಯನ್ನು ಬಲ್ಬಿನ ಕೆಳಗೆ ಹಿಡಿದಳು. ಗ್ರೀಸಿನಲ್ಲಿದ್ದ ಧೂಳು ಕಪ್ಪಗಿರಲಿಲ್ಲ. ಹಿಂದೆಲ್ಲ ಮಸಿ ಇರುತ್ತಿತ್ತು, ಉಗುರಿನ ಸಂದಿಗೆ ಹೋದರೆ ಉರಿಯುತ್ತಿತ್ತು. ಅದು ಯಾವಾಗ ಬೂದಿಯಾಯಿತು, ಬೂದಿ ಯಾವಾಗ ಮಣ್ಣಾಯಿತು? ಮಗಳು ಯಾವ ದಿನ ತನಗಿಂತ ಎತ್ತರವಾದಳು ಎಂದು ಯಾರಾದರೂ ಕೇಳಿದರೂ ಅವಳು ಹೇಳಲಾರಳು. ಇದೂ ಹಾಗೆಯೇ, ಕಣ್ಣೆದುರೇ ಆಗಿ ಕಾಣದೆ ಹೋಗಿತ್ತು.

ಬೀಜವನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ, ಗ್ರೀಸು ಡಬ್ಬಿಯ ಮುಚ್ಚಳದಲ್ಲಿಟ್ಟು ಕೋಣೆಗೆ ತಂದಳು. ಕೆಲವು ದಿನಗಳಲ್ಲಿ ಮೊಳಕೆ ತಲೆಯೆತ್ತಿತು. ಮಗಳು ನೋಡಿ ಹುಬ್ಬೇರಿಸಿದಳು.

“ಇದೇನಮ್ಮ? ನಮ್ಮ ಸೊಪ್ಪಿನ ಹಾಸಿನದ್ದಲ್ಲ ಇದು. ಎಲೆಯ ಬೆನ್ನಲ್ಲಿ ರೋಮ ಇದೆ ನೋಡು. ಎಲ್ಲಿ ಸಿಕ್ತು?”

“ಕುಂಟನ ಮಂಡೀಲಿ.”

ಮಗಳು ನಗಲು ಹೊರಟವಳು ಅಮ್ಮನ ಮುಖ ನೋಡಿ ನಿಲ್ಲಿಸಿದಳು. “ಅಂದ್ರೆ... ಬೀದೀಲಿ ಗಿಡ ಇದೆಯಾ?”

“ಬರೀ ಗಿಡ ಅಲ್ಲ. ಹೂ ಬಿಟ್ಟು, ಕಾಯಾಗಿ, ಒಣಗಿ, ಬೀಜ ಉದುರಿಸಿದ ಗಿಡ.”

“ಗಿಡ ಬದುಕೋ ಗಾಳೀಲಿ ನಾವೂ ಬದುಕ್ತೀವಿ.”

“ಹಂಗಂತ ಯಾರು ಹೇಳಿದ್ರು?”

“ದಿನಾ ಗಿಡದ ಜೊತೇಲೇ ಇರ್ತೀನಲ್ಲ, ನಾನೇ ಹೇಳ್ತಿದ್ದೀನಿ.” ಮಗಳು ಮುಚ್ಚಳವನ್ನು ಮೂಗಿನ ಹತ್ತಿರ ಹಿಡಿದು ವಾಸನೆ ನೋಡಿದಳು. ಆಮೇಲೆ ಮೆಲ್ಲಗೆ ಕೇಳಿದಳು: “ಹಂಗಾದ್ರೆ ದೊಡ್ಡಮ್ಮ ಯಾಕೆ ಇನ್ನೂ ಬಂದಿಲ್ಲ?”

ಅದೇ ಪ್ರಶ್ನೆ ಬೀಜ ಸಿಕ್ಕ ದಿನದಿಂದ ಅಮ್ಮನನ್ನೂ ಕೊರೆಯುತ್ತಿತ್ತು. ಅಕ್ಕ ಮಾತಿಗೆ ತಪ್ಪುವವಳಲ್ಲ. ಹೊರಗೆ ಕಾಲಿಡುವಂತಾಗಿದ್ದರೆ ಆ ಗಳಿಗೆಯೇ ಛತ್ರಿ ಹಿಡಿದು ಬರುತ್ತಿದ್ದಳು. ಬಂದಿಲ್ಲ ಎಂದರೆ ಕಾಲಿಡುವಂತಾಗಿಲ್ಲ. ಹಾಗಾದರೆ ಈ ಬೀಜ?

ಮರುದಿನ ಕೌಂಟರಿಗೆ ಹೋಗಿ ಕುಂಟನ ಜಾಲರಿಗೆ ಬಾಯಿಟ್ಟು, ಯಾವತ್ತೂ ಕೇಳದ ಪ್ರಶ್ನೆ ಕೇಳಿದಳು: “ಅಕ್ಕಾ, ನನ್ನ ಛತ್ರಿ ಯಾವ ಬಣ್ಣದ್ದು? ಅದೊಂದೇ ಹೇಳು ಸಾಕು.”

ಉತ್ತರ ಬಂತು. “ಪುಟ್ಟೀ, ಇಲ್ಲಿ ಎಲ್ಲ ಸೌಖ್ಯ. ನಿದ್ದೆ ಕಟ್ಟಬೇಡ. ಇಳೀಬೇಡ.”

ಇನ್ನೊಮ್ಮೆ ಕಳಿಸಿದಳು. “ಪುಟ್ಟೀ, ಚೆನ್ನಾಗಿದ್ದೀನಿ ಕಣೇ. ಒಂದಿಷ್ಟು ನೆಗಡಿ, ಅಷ್ಟೆ.” ‘ಒಂದಿಷ್ಟು’ ಮತ್ತು ‘ನೆಗಡಿ’ಯ ನಡುವೆ ಮೂಗೆಳೆಯುವ ಸದ್ದು. ಆ ಸದ್ದು ಅವಳಿಗೆ ಬಾಯಿಪಾಠವಾಗಿತ್ತು. ಬಾಯಿಪಾಠ ಯಾಕಾಗಿದೆ ಎಂದು ಈಗ ಮೊದಲ ಬಾರಿ ಯೋಚಿಸಿದಳು.

ಕುಂಟನನ್ನು ಬೆಂಚಿನ ಮೇಲೆ ಕೂರಿಸಿ ತನ್ನ ರಿಪೇರಿ ಶೆಡ್ಡಿನ ಬಾಗಿಲು ಮುಂದೆ ಮಾಡಿದಳು. ಎದೆಯ ಮುಚ್ಚಳ ತೆಗೆದು ರಿಪೇರಿ ಗುಂಡಿ ಒತ್ತಿದರೆ ರೋಬೋ ತನ್ನದೇ ಧ್ವನಿಯಲ್ಲಿ ಮಾತಾಡುತ್ತದೆ. ಎಲ್ಲಿ ಸವೆದಿದೆ, ಯಾವ ತಿರುಪು ಸಡಿಲ ಎಂದು ಕೇಳಲಷ್ಟೇ ಅವಳು ಅದನ್ನು ಒತ್ತುತ್ತಿದ್ದಳು.

“ಕುಂಟಾ, ಈಗ ಹೇಳಿದ ಮಾತು ಇವತ್ತಿನದಾ?”

“ಅಲ್ಲ.”

“ಮತ್ತೆ ಯಾವತ್ತಿನದು?”

“ಹಳೆಯದು. ಮುಚ್ಚಿದ ಮೇಲಿನ ಐದನೇ ವರ್ಷದ್ದು.”

ಅವಳ ಮಗಳು ಆಗ ಇನ್ನೂ ಹುಟ್ಟಿರಲಿಲ್ಲ.

“ಇವತ್ತು ಅಕ್ಕ ಏನು ಹೇಳಿದಳು?”

“ಏನೂ ಹೇಳಲಿಲ್ಲ. ಕೌಂಟರಿನಲ್ಲಿ ಯಾರೂ ಇರಲಿಲ್ಲ.”

“ಹೋದ ವಾರ?”

“ಯಾರೂ ಇರಲಿಲ್ಲ.”

“ಹೋದ ವರ್ಷ?”

“ಯಾರೂ ಇರಲಿಲ್ಲ.”

ಅವಳು ಸ್ಪ್ಯಾನರನ್ನು ಬೆಂಚಿನ ಮೇಲೆ ಕುಕ್ಕಿದಳು. “ಯಾಕೋ ಹೇಳ್ಲಿಲ್ಲ? ಇಷ್ಟು ವರ್ಷ ನನ್ನ ಮುಂದೆ ನಿಂತ್ಕೊಂಡು... ಯಾಕೆ ಹೇಳ್ಲಿಲ್ಲ ನೀನು?”

“ಯಾರೂ ಕೇಳಲಿಲ್ಲ. ಖಾಲಿ ಬಾಯಲ್ಲಿ ಬರಬಾರದು ಎಂದು ನೀವೇ ಹೇಳಿದ್ದಿರಿ.”

ಹೌದು, ಹೇಳಿದ್ದರು. ಎಂದೋ ಮರೆತೇಹೋಗಿದ್ದ ಸಂಜೆಯೊಂದು ಕಣ್ಣ ಮುಂದೆ ಬಂತು. ಮೊದಲ ವರ್ಷಗಳಲ್ಲಿ ಆಚೆ ಯಾರೂ ಕೌಂಟರಿಗೆ ಬಾರದಿದ್ದರೆ ರೋಬೋ ಮರಳಿ ಬಂದು “ಉತ್ತರವಿಲ್ಲ” ಎನ್ನುತ್ತಿತ್ತು. ಆಚೆಯವರು ಮಲಗಿರಬಹುದು, ಸ್ನಾನಕ್ಕೆ ಹೋಗಿರಬಹುದು. ಆದರೆ ಆ ಒಂದು ಮಾತು ಕೇಳಿದ ಮನೆಯಲ್ಲಿ ಅಂದು ಒಲೆ ಹೊತ್ತುತ್ತಿರಲಿಲ್ಲ. ನಾಲ್ಕನೇ ಮಹಡಿಯ ಟೈಪಿಸ್ಟ್ ಒಬ್ಬಳು, ಗಂಡನಿಂದ ಉತ್ತರ ಬರಲಿಲ್ಲವೆಂದು ಅನ್ನ ನೀರು ಬಿಟ್ಟು ಮಲಗಿಬಿಟ್ಟಳು. ಮಾರನೆಯ ದಿನ ಗಂಡನ ಉತ್ತರ ಬಂತು: ಹಲ್ಲುನೋವಿಗೆ ಕಷಾಯ ಕುಡಿದು ನಿದ್ದೆ ಹೋಗಿದ್ದನಂತೆ. ಆಗ ಎಲ್ಲರೂ ಮೆಟ್ಟಿಲ ಹಾಲಿನಲ್ಲಿ ಸಭೆ ಸೇರಿದರು. ಇನ್ನು ಮೇಲೆ ಯಾವ ರೋಬೋವೂ ಖಾಲಿ ಬಾಯಲ್ಲಿ ಬರಬಾರದು. ಅಂದು ಹೊಸ ಮಾತು ಸಿಗದಿದ್ದರೆ ಅದೇ ಧ್ವನಿಯ ಹಳೆಯದೊಂದು ಒಳ್ಳೆಯ ಮಾತು ಹೇಳಲಿ. ನಾಳೆ ಹೇಗೂ ಹೊಸದು ಬರುತ್ತದೆ. ಎಲ್ಲರೂ ಕೈಯೆತ್ತಿದರು. ಯಾರ ಮನಸ್ಸೂ ನೋಯಬಾರದು ಎಂಬುದೊಂದೇ ಉದ್ದೇಶ. ಸಭೆಯ ಕೊನೆಗೆ ಟೈಪಿಸ್ಟ್ ಎದ್ದು ಎಲ್ಲರಿಗೂ ಕೈಮುಗಿದಿದ್ದಳು.

ಒಂದು ದಿನದ ಮಟ್ಟಿಗೆ ಎಂದು ಮಾಡಿದ ಏರ್ಪಾಡು. ಆಮೇಲೆ ನಾಳೆ ಬಂತೋ ಇಲ್ಲವೋ, ನೋಡಿದವರಿಲ್ಲ.

ಅವಳು ಬೆಂಚಿನ ಪಕ್ಕದಲ್ಲಿ ನೆಲದ ಮೇಲೆ ಕೂತಳು. ಇಷ್ಟು ವರ್ಷ ತಾನು ಬೆನ್ನು ನೋವು ಹೇಳಿಕೊಂಡದ್ದು, ಗಂಡ ತೀರಿಕೊಂಡಾಗ ಜಾಲರಿಗೆ ಹಣೆ ಒತ್ತಿ ಅತ್ತದ್ದು, ಎಲ್ಲ ಖಾಲಿ ಕೌಂಟರಿಗೆ. ಅಂದು ಬಂದ ಉತ್ತರ ನೆನಪಾಯಿತು: “ಹೆದರಬೇಡ ಪುಟ್ಟೀ, ನಾನಿದ್ದೀನಲ್ಲ.” ಆ ಮಾತಿನ ಮೇಲೆ ಅವಳು ಎಷ್ಟೋ ದಿನ ಎದ್ದು ಕೆಲಸಕ್ಕೆ ಬಂದಿದ್ದಳು. ಅದು ಯಾವ ಕಾಲದಲ್ಲಿ ಯಾವುದಕ್ಕೆ ಹೇಳಿದ ಮಾತೋ. ಜಿರಳೆಗೆ ಹೆದರಿದ್ದಕ್ಕೂ ಇರಬಹುದು.

ಎದ್ದಳು. ಕುಂಟನನ್ನು ಬೆಂಚಿನಿಂದ ಇಳಿಸಿ, ಎದೆಯ ಮುಚ್ಚಳ ತೆರೆದೇ ಬಿಟ್ಟು, ಅದನ್ನು ಹಿಂದಿಟ್ಟುಕೊಂಡು ದೊಡ್ಡ ಬಾಗಿಲಿಗೆ ಹೋದಳು.

ಅಲ್ಲಿ ಬಾಗಿಲ ಮಾವ ಕೂತಿದ್ದ. ಬಾಗಿಲು ಮುಚ್ಚಿದ ದಿನದಿಂದ ಅದರ ಸನ್ನೆಗೋಲಿನ ಪಕ್ಕ ಸ್ಟೂಲು ಹಾಕಿಕೊಂಡು ಕೂತವನು, ಎಲ್ಲರಿಗೂ ಮಾವನೇ. ಅವನ ಬಾಯಿಗೆ ಬೀಗವಿಲ್ಲ. ಬಂದವರಿಗೆಲ್ಲ ಹಳೆಯ ಕತೆ ಹೇಳುತ್ತಾನೆ. ಅವನಿಗೆ ಪ್ರಿಯವಾದ ಕತೆಯೊಂದಿತ್ತು: ಯಾವುದೋ ದಡ್ಡ ರೋಬೋ ಒಮ್ಮೆ ಗವಿಯ ದಾರಿ ತಪ್ಪಿ ಬೆಳಿಗ್ಗೆಯಿಂದ ಸಂಜೆಯವರೆಗೆ ದೊಡ್ಡ ಬಾಗಿಲನ್ನೇ ದಬದಬ ಬಡಿದದ್ದು. “ನಾನು ತೆಗೀತೀನಾ? ಬಡಿ ಮಗನೇ ಬಡಿ ಅಂದೆ. ಕೊನೆಗೆ ಸುಸ್ತಾಗಿ ಹೊರಟುಹೋಯ್ತು!” ಎಂದು ತೊಡೆ ತಟ್ಟಿ ನಗುತ್ತಿದ್ದ. ಆ ಕತೆಯನ್ನು ಅವಳು ಮದುವೆಗೆ ಮುಂಚಿನಿಂದ ಕೇಳುತ್ತಿದ್ದಳು.

“ಏನು ಡಾಕ್ಟ್ರೇ, ಪೇಷಂಟ್ ಕರ್ಕೊಂಡು ವಾಕಿಂಗ್ ಹೊರಟ್ರಾ?”

“ಮಾವ, ಬಾಗಿಲು ತೆಗೀರಿ. ಎದುರು ಕಟ್ಟಡಕ್ಕೆ ಹೋಗಿ ಬರ್ತೀನಿ.”

ಮಾವ ನಕ್ಕ. ಅವಳು ನಗಲಿಲ್ಲ. ಅವನೂ ನಿಲ್ಲಿಸಿದ.

“ತಲೆ ಕೆಟ್ಟಿದೆಯೇನಮ್ಮ? ನಿಯಮ ಗೊತ್ತಿಲ್ವಾ? ಎದುರಿನವರು ಇಳಿದು ನೋಡ್ಲಿ, ಆಮೇಲೆ ನಾವು. ವಾರ ವಾರ ಕೇಳಿ ಕಳಿಸ್ತಿದ್ದೀನಿ. ನಿನ್ನೆ ತಾನೇ ಅವರ ಅಧ್ಯಕ್ಷರು ಇನ್ನೂ ಇಲ್ಲ ಅಂದಿದ್ದಾರೆ.”

“ನಿನ್ನೆದು ಇನ್ನೊಂದ್ಸಲ ಕೇಳೋಣ.” ಅವಳು ಕುಂಟನ ಕಡೆ ತಿರುಗಿದಳು. “ಅಧ್ಯಕ್ಷರ ಉತ್ತರ ಹೇಳು.”

ಎದೆಯೊಳಗಿಂದ ಗತ್ತಿನ ಗಂಡು ಧ್ವನಿ ಬಂತು: “ಇನ್ನೂ ಇಲ್ಲ. ನೀವೂ ಇಳಿಯಬೇಡಿ.”

“ಇದು ಯಾವತ್ತಿನ ಮಾತು?”

“ಆರನೇ ವರ್ಷದ್ದು,” ಎಂದಿತು ಕುಂಟ, ತನ್ನ ಧ್ವನಿಯಲ್ಲಿ.

“ನಿನ್ನೆ ಅಧ್ಯಕ್ಷರು ಏನಂದ್ರು?”

“ಯಾರೂ ಇರಲಿಲ್ಲ.”

ಮಾವನ ಕಣ್ಣು ಕುಂಟನ ಹಿಂದೆ, ಗವಿಯ ಪಕ್ಕ ಸಾಲಾಗಿ ನಿಂತ ಉಳಿದ ರೋಬೋಗಳ ಕಡೆ ಹೋಯಿತು. ಅವುಗಳಲ್ಲಿ ಒಂದು ಹಳೆಯ ಗಿರಣಿಯ ಕಟ್ಟಡಕ್ಕೆ ಹೋಗಿಬರುವಂಥದ್ದು. ಅಲ್ಲಿ ಮಾವನ ಮಗನಿದ್ದ. ಪ್ರತಿ ವಾರ ಅದು “ಅಪ್ಪಾ, ಮಾತ್ರೆ ತಗೊಂಡ್ರಾ?” ಎಂದು ಕೇಳುತ್ತಿತ್ತು, ಮಾವ ಅಂಗಿ ಜೇಬಿನಿಂದ ಮಾತ್ರೆಯ ಪಟ್ಟಿ ತೆಗೆದು ಅದಕ್ಕೆ ತೋರಿಸುತ್ತಿದ್ದ. ಅದನ್ನು ಕಟ್ಟಡದವರೆಲ್ಲ ಬಲ್ಲರು, ನಗುತ್ತಿದ್ದರು.

ಅವಳೂ ಅತ್ತ ನೋಡಿದಳು. ನೋಡಿದಳು ಅಷ್ಟೆ, ಹೆಜ್ಜೆ ಕೂಡ ಇಡಲಿಲ್ಲ.

“ಬೇಡ,” ಎಂದ ಮಾವ. “ನನ್ನ ಮಗಂದು ಕೇಳಬೇಡಮ್ಮ. ನಿನ್ನ ದಮ್ಮಯ್ಯ. ಕೇಳಬೇಡ.”

“ಕೇಳಲ್ಲ ಮಾವ.”

“ಅವನು ಚೆನ್ನಾಗಿದ್ದಾನೆ.”

“ಹೌದು ಮಾವ.”

ಮಾವ ಅಂಗಿಯ ತುದಿಯಿಂದ ಮುಖ ಒರೆಸಿಕೊಂಡ. ಬೆನ್ನು ತಿರುಗಿಸಿ ಸನ್ನೆಗೋಲಿಗೆ ಎರಡೂ ಕೈ ಹಾಕಿದ. ತುಕ್ಕು ಹಿಡಿದು ಅದು ಮಿಸುಕಲಿಲ್ಲ. ಅವಳು ಜೇಬಿನಿಂದ ಗ್ರೀಸು ತೆಗೆದು ಕೀಲಿಗೆ ಸವರಿದಳು. ಇಬ್ಬರೂ ಸೇರಿ ಎಳೆದರು. “ಏನಾದ್ರೂ ಆದ್ರೆ ನಿನ್ನ ಮಗಳಿಗೆ ನಾನು ಏನು ಹೇಳ್ಲಿ?” ಎಂದು ಮಾವ ಏದುಸಿರಿನಲ್ಲಿ ಕೇಳಿದ. ಛತ್ರಿಯ ಬಣ್ಣ ಉತ್ತರವಾಗಿ ಬಾರದಿದ್ದರೆ ತಾನೇ ಇಳಿದು ನೋಡುತ್ತೇನೆಂದು ಮಗಳಿಗೆ ಅವಳು ಬೆಳಿಗ್ಗೆಯೇ ಹೇಳಿದ್ದಳು. “ದೊಡ್ಡಮ್ಮ ಇಳೀಬೇಡ ಅಂದಿದ್ದಾಳಲ್ಲ” ಎಂದು ಕೊಂಕು ತೆಗೆದಿದ್ದ ಮಗಳು, ಆಮೇಲೆ ತನ್ನ ಕತ್ತಿನ ಬಟ್ಟೆ ಬಿಚ್ಚಿ ಒದ್ದೆ ಮಾಡಿ ಅಮ್ಮನ ಮೂಗಿಗೆ ತಾನೇ ಕಟ್ಟಿ ನೋಡಿ ಅಳತೆ ಸರಿಮಾಡಿ ಕೊಟ್ಟಿದ್ದಳು.

ಬಾಗಿಲು ಒಬ್ಬರು ಬಗ್ಗಿ ಹೋಗುವಷ್ಟು ಎದ್ದಿತು. ಅವಳು ಆ ಬಟ್ಟೆ ಕಟ್ಟಿಕೊಂಡು ಬಗ್ಗಿದಳು. ಇಳಿಯುವುದಿಲ್ಲ ಎಂದಿದ್ದವಳು ಇಳಿದಳು.

ಮೊದಲು ಬೆಳಕು ಹೊಡೆಯಿತು. ಕಣ್ಣು ಮುಚ್ಚಿ, ಗೋಡೆ ಹಿಡಿದು ನಿಂತಳು. ಮುಖದ ಮೇಲೆ ಏನೋ ಹರಿದಾಡಿತು, ಬೆಚ್ಚಿದಳು, ಗಾಳಿ. ಒದ್ದೆ ಬಟ್ಟೆಯ ಅಂಚು ಒಂದಿಷ್ಟೇ ಎತ್ತಿ ಮೂಸಿದಳು. ಮಣ್ಣಿನ ವಾಸನೆ. ಬಟ್ಟೆಯನ್ನು ಪೂರ್ತಿ ಇಳಿಸಿ ಉಸಿರೆಳೆದಳು, ಬಿಟ್ಟಳು, ಮತ್ತೆ ಎಳೆದಳು. ಗಂಟಲು ಉರಿಯಲಿಲ್ಲ.

ಕಣ್ಣು ತೆರೆದಾಗ ಎದುರಿಗೆ ಬೀದಿಯಿತ್ತು. ಅವಳ ನೆನಪಿನಲ್ಲಿ ಅದು ನದಿಯಷ್ಟು ಅಗಲವಾಗಿತ್ತು. ಈಗ ನೋಡಿದರೆ ಒಬ್ಬರು ಈಚೆಯಿಂದ ಚೆಂಡು ಎಸೆದರೆ ಇನ್ನೊಬ್ಬರು ಆಚೆಯಿಂದ ಹಿಡಿಯಬಹುದು. ಡಾಂಬರು ಒಡೆದು ಮೊಣಕಾಲೆತ್ತರ ಗಿಡ ಬೆಳೆದಿತ್ತು. ಗಿಡಗಳ ನಡುವೆ ಈ ಗವಿಯಿಂದ ಆ ಗವಿಗೆ, ಬೈತಲೆ ತೆಗೆದ ಹಾಗೆ, ನೇರವಾದ ಕಾಲುದಾರಿ. ಕುಂಟ ಒಂದು ಕಾಲೆಳೆದು ಎಳೆದು ಸವೆಸಿದ್ದು. ಇಕ್ಕೆಲಗಳ ಗಿಡಗಳ ತುಂಬ ಕೊಕ್ಕೆಬೀಜ. ಎದುರು ಕಟ್ಟಡದ ದೊಡ್ಡ ಬಾಗಿಲು ಪೂರ್ತಿ ಮೇಲೆದ್ದಿತ್ತು. ಹೊಸ್ತಿಲಲ್ಲೇ ಎಳೆಯ ಮರವೊಂದು ನಿಂತಿತ್ತು. ಯಾರೋ ಆ ಬಾಗಿಲು ತೆರೆದು ಹೊರಟುಹೋಗಿ, ಅದರ ಮೇಲೆ ಒಂದು ಮರ ಬೆಳೆಯುವಷ್ಟು ಕಾಲವಾಗಿತ್ತು.

“ಅಕ್ಕಾ!” ಎಂದಳು. ಕೂಗಿ ರೂಢಿ ತಪ್ಪಿದ ಗಂಟಲು, ಸದ್ದು ಬೀದಿಯ ಅರ್ಧಕ್ಕೇ ನಿಂತಿತು. ಇನ್ನೊಮ್ಮೆ ಕೂಗಿದಳು. ಎದುರು ಬಾಗಿಲಿನ ಕತ್ತಲೊಳಗಿಂದ ಒಂದು ಹಕ್ಕಿ ಹಾರಿಹೋಯಿತು.

ಏನು ಮಾಡಬೇಕೆಂದು ತೋಚದೆ ತನ್ನದೇ ಬಾಗಿಲಿನ ಕಡೆ ತಿರುಗಿದಳು. ಅದು ಇಳಿದ ದಿನದಿಂದ ಅದರ ಹೊರಮೈಯನ್ನು ಅವಳು ಕಂಡಿದ್ದೇ ಇಲ್ಲ.

ಕಬ್ಬಿಣದ ಮೇಲೆ, ಒಬ್ಬ ಹೆಂಗಸಿನ ಕೈ ಎಟುಕುವ ಎತ್ತರದಲ್ಲಿ, ಬಣ್ಣ ಎದ್ದುಹೋಗಿ ಹತ್ತಾರು ಕುಳಿಗಳು. ಕೆಳಗೆ ಮುಷ್ಟಿಗಾತ್ರದ ಕಲ್ಲೊಂದು, ಪಾಚಿ ಹಿಡಿದು ಬಿದ್ದಿತ್ತು. ಬಾಗಿಲ ಬದಿಯ ಹಿಡಿಗೆ ಬಟ್ಟೆಯ ಚೂರೊಂದರಿಂದ ಬಿಗಿಯಾಗಿ ಕಟ್ಟಿದ ಒಂದು ಛತ್ರಿ. ಬಟ್ಟೆಯೆಲ್ಲ ಕೊಳೆತು ಉದುರಿ ಕಡ್ಡಿಗಳಷ್ಟೇ ಉಳಿದಿದ್ದವು. ಒಂದು ಕಡ್ಡಿಯ ತುದಿಯಲ್ಲಿ ಬೆರಳಗಲ ಹಳದಿ. ಮರದ ಹಿಡಿಯನ್ನು ಹೆಬ್ಬೆರಳಿನಿಂದ ಉಜ್ಜಿದಳು. ಶಾಲೆಯ ಕೊನೆಯ ಬೆಂಚಿನಲ್ಲಿ ಕೂತು ತಾನೇ ಸೂಜಿಯಿಂದ ಕೆತ್ತಿದ್ದ ಸೊಟ್ಟ ಹೂವು ಕಾಣಿಸಿತು.

ಬೆಳಿಗ್ಗೆಯಿಂದ ಸಂಜೆಯವರೆಗೆ ಬಡಿದು, ಕೊನೆಗೆ ಸುಸ್ತಾಗಿ ಹೊರಟುಹೋದದ್ದು ಯಾರು ಎಂದು ಈಗ ಗೊತ್ತಾಯಿತು. ರೋಬೋಗಳಿಗೆ ಸುಸ್ತಾಗುವುದಿಲ್ಲ. ಅದನ್ನು ಮಂಡಿ ಡಾಕ್ಟ್ರೇ ಇಷ್ಟು ವರ್ಷ ಯೋಚಿಸಿರಲಿಲ್ಲ.

ಕುಂಟ ಗವಿಯಿಂದ ತೆವಳಿ ಬಂದು ಅವಳ ಪಕ್ಕ ಎದ್ದು ನಿಂತಿತು. ಛತ್ರಿಯನ್ನು ನೋಡಿ ತಾನಾಗಿ ಹೇಳಿತು: “ಇಲ್ಲಿ ಒಬ್ಬರು ನಿಂತು ನನಗೆ ಮಾತು ಕೊಟ್ಟರು. ಬೀದಿಯ ಮಾತು.”

“ಏನು ಮಾತು?”

“ಬೀದಿಯ ಮಾತು ತೆಗೆದುಕೊಳ್ಳುವ ಹಾಗಿಲ್ಲ. ತೆಗೆದುಕೊಳ್ಳಲಿಲ್ಲ.”

ರಸ್ತೆ ದಾಟಿದರೆ ಆಯಿತು, ರೋಬೋ ಬಾಯಲ್ಲಿ ಯಾಕೆ ಹೇಳಿ ಕಳಿಸಬೇಕು ಎಂದುಕೊಂಡು ಅಕ್ಕ ಕೌಂಟರಿಗೆ ಹೋಗದೆ ನೇರ ಇಳಿದು ಬಂದಿರಬೇಕು. ನಾಲ್ಕು ಹೆಜ್ಜೆ ಹಾಕಿದರೆ ಕಾಲು ಸವೆಯುವುದಿಲ್ಲವಲ್ಲ. ಬಡಿದಿರಬೇಕು, ಕಾದಿರಬೇಕು. ರೋಬೋ ತರುತ್ತಿದ್ದದ್ದು ಬರೀ ಹಳೆಯ ಮಾತು, ಒಳಗೆ ಯಾರೂ ಉಳಿದಿಲ್ಲ ಎಂದು ಕೊನೆಗೆ ಅಂದುಕೊಂಡಿರಬೇಕು. ಆಮೇಲೆ ತನ್ನ ಬಟ್ಟೆಯ ಅಂಚು ಹರಿದು, ಗಾಳಿಗೆ ಹಾರಿಹೋಗದ ಹಾಗೆ ಎರಡು ಗಂಟು ಹಾಕಿ, ಎಲ್ಲರ ಜೊತೆ ಎತ್ತಲೋ ನಡೆದಿರಬೇಕು. ಎತ್ತ ಎಂದು ಹೇಳುವ ಒಂದು ಹೆಜ್ಜೆಗುರುತೂ ಗಿಡಗಳ ನಡುವೆ ಉಳಿದಿರಲಿಲ್ಲ.

“ಏನಮ್ಮಾ? ಏನಿದೆ ಅಲ್ಲಿ?” ಬಾಗಿಲ ಸಂದಿಯಿಂದ ಮಾವನ ಧ್ವನಿ ಬಂತು.

ಅವಳು ಕುಳಿಗಳನ್ನು ಒಮ್ಮೆ ಅಂಗೈಯಿಂದ ಮುಟ್ಟಿದಳು.

“ಏನೂ ಇಲ್ಲ ಮಾವ. ಗಾಳಿ ಚೆನ್ನಾಗಿದೆ. ನನ್ನ ಮಗಳನ್ನ ಕರೀರಿ.”

ಬಟ್ಟೆಯ ಗಂಟು ಬಿಚ್ಚಿದಳು. ಛತ್ರಿ ಕೈಗೆ ಬಂತು. ಅಕ್ಕ ಬಂದಿದ್ದಳು. ಮೊದಲು ಅವಳೇ ಬಂದಿದ್ದಳು. ಕೊಟ್ಟ ಮಾತು ಉಳಿಸಿಕೊಂಡಿದ್ದಳು.